ಬಡವನ ಉಳಿತಾಯ ಅಪರಾಧವೇ?

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಶಾಲೆಯಲ್ಲಿ ಮೇಷ್ಟರಾಗಿದ್ದಾಗ ನಾವು ಮಕ್ಕಳಿಗೆ ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂದು ಕಲಿಸಿದೆವು. ಆ ಮಕ್ಕಳೇ ಇಂದು ಬಂದು, ‘ಮೇಷ್ಟ್ರೇ, ಹನಿ ಕೂಡಿಟ್ಟದ್ದಕ್ಕೇ ಸರ್ಕಾರ ತುತ್ತು ಕಿತ್ತುಕೊಂಡರೆ?’ ಎಂದು ಕೇಳಿದರೆ ಏನು ಉತ್ತರ ಹೇಳೋಣ?

ಇದು ಹೊಸ ರೋಗವಲ್ಲ. 1931ರಲ್ಲಿ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಕಾರ್ಮಿಕರು ಕೆಲಸವಿಲ್ಲದೆ ಕುಳಿತಿದ್ದರು. ವಿಮೆಯ ಅವಧಿ ಮುಗಿದವರಿಗೆ ನೆರವು ಕೊಡುವ ಮೊದಲು ಅಧಿಕಾರಿಗಳು ಕೂಡಿಟ್ಟ ಹಣವನ್ನೂ ಮಕ್ಕಳ ಸಂಬಳವನ್ನೂ ಲೆಕ್ಕ ಹಾಕಿದರು. ಮಗಳು ದುಡಿದರೆ ತಂದೆಯ ನೆರವು ಕಡಿತ! 1932ರಲ್ಲಿ ಹಸಿದವರು ಲಂಡನ್ನಿಗೆ ನಡೆದು ಹೋಗಿ ಪ್ರತಿಭಟಿಸಿದರು. ಇಡೀ ಮನೆಯವರ ಗಳಿಕೆ ಎಣಿಸುವ ಆ ಪದ್ಧತಿ ತೊಲಗಿದ್ದು 1941ರಲ್ಲಿ.

ಅಮೆರಿಕದಲ್ಲಿ ಬಡ ವೃದ್ಧರಿಗೂ ಅಂಗವಿಕಲರಿಗೂ ಮಾಸಾಶನವುಂಟು. ಒಂಟಿಯಾಗಿರುವವರ ಉಳಿತಾಯ 2,000 ಡಾಲರ್ ದಾಟಿದರೆ ಅದು ನಿಲ್ಲುತ್ತದೆ. 1989ರಿಂದ ಈ ಮಿತಿ ಏರಿಲ್ಲ. ಬೆಲೆಗಳು ಮಾತ್ರ ಎರಡು ಪಟ್ಟು ಮೀರಿ ಏರಿವೆ. ಆದರೂ ವಾಸದ ಮನೆ, ಓಡಾಡುವ ಒಂದು ಕಾರು, ಮನೆಯ ಸಾಮಾನು ಅಲ್ಲಿ ಲೆಕ್ಕಕ್ಕಿಲ್ಲ.

ಅಲ್ಲಿ ಉಳಿತಾಯದ ಮೇಲೆ ಕಣ್ಣು. ನಮ್ಮಲ್ಲಿ ಸಾಮಾನಿನ ಮೇಲೆ. 2021ರ ಫೆಬ್ರವರಿಯಲ್ಲಿ ಅಂದಿನ ಆಹಾರ ಸಚಿವ ಉಮೇಶ ಕತ್ತಿಯವರು, ಟಿವಿ, ಫ್ರಿಜ್, ಬೈಕು ಇದ್ದವರು ಬಿಪಿಎಲ್ ಕಾರ್ಡು ಹಿಂದಿರುಗಿಸಬೇಕೆಂದರು. ಪ್ರತಿಭಟನೆ ಎದ್ದ ಮೇಲೆ ಮಾತನ್ನು ಹಿಂತೆಗೆದುಕೊಂಡರು. ಮಾತು ಹಿಂದೆ ಹೋಯಿತು; ಆ ಬುದ್ಧಿ ಹೋಯಿತೇ?

ಯೋಚಿಸಿರಿ. ರಾತ್ರಿ ಪಾಳಿ ಮುಗಿಸಿದವನಿಗೆ ಬಸ್ಸಿಲ್ಲ. ಕಂತಿನಲ್ಲಿ ಕೊಂಡ ಬೈಕೇ ಅವನ ಕಾಲು. ಹಾಲು ಮೊಸರು ಮಾರುವ ಅಕ್ಕನಿಗೆ ಫ್ರಿಜ್ಜೇ ಬಂಡವಾಳ. ಅಕ್ಕಿಗಾಗಿ ಅದನ್ನು ಮಾರಿದರೆ ನಾಳೆ ಅಕ್ಕಿಯೂ ಬೇಕು, ಕೆಲಸವೂ ಬೇಕು. ಗಂಟು ಕಟ್ಟಿಟ್ಟ ನಾಲ್ಕು ಕಾಸು ಸಿರಿತನವಲ್ಲ. ಕಾಯಿಲೆ ಬಿದ್ದ ದಿನ ಬಡ್ಡಿಯವನ ಬಾಗಿಲು ತಟ್ಟದಿರುವ ಧೈರ್ಯ.

‘ಉಳ್ಳವರೂ ಕಾರ್ಡು ಹಿಡಿದಿಲ್ಲವೇ?’ ಎನ್ನುತ್ತಾರೆ. ಹಿಡಿದಿದ್ದಾರೆ. ಅವರನ್ನು ತೆಗೆಯಲಿ, ನಾವು ಅಡ್ಡ ಬರುವುದಿಲ್ಲ. ಆದರೆ ಸಿರಿವಂತನನ್ನು ಹುಡುಕಲು ಬಡವನ ಅಡಿಗೆಮನೆಗೆ ಏಕೆ ನುಗ್ಗಬೇಕು?

ನಮ್ಮ ಬೇಡಿಕೆ ಮೂರು. ದುಡಿಮೆಯ ಸಾಧನವನ್ನೂ ಮನೆಯ ಅಗತ್ಯ ಸಾಮಾನನ್ನೂ ಆಸ್ತಿಯೆಂದು ಎಣಿಸಕೂಡದು. ಗೊತ್ತುಪಡಿಸಿದ ಮಿತಿಗಳು ಬೆಲೆಯೊಡನೆ ಏರಬೇಕು. ವಿಚಾರಣೆಯಿಲ್ಲದೆ ಯಾರ ಕಾರ್ಡನ್ನೂ ರದ್ದು ಮಾಡಕೂಡದು.

ಕಾರ್ಡು ರದ್ದಾದವರು ಹಣೆಬರಹವೆಂದು ಸುಮ್ಮನಿರಬೇಡಿರಿ. ಕಾರಣವನ್ನು ಬರಹದಲ್ಲಿ ಕೇಳಿರಿ. ಆ ಕಾಗದವನ್ನು ಸಂಘಕ್ಕೆ ತನ್ನಿರಿ. ಒಬ್ಬರೇ ಹೋದರೆ ಅರ್ಜಿ, ನೂರು ಮಂದಿ ಹೋದರೆ ಹಕ್ಕು.