ಪರದೆಯ ಹಿಂದೆ ಏನು ನೋಡಬೇಕು?



ಕಲಘಟಗಿಯ ಬಣ್ಣದ ತೊಟ್ಟಿಲು ನಿಮಗೆಲ್ಲ ಗೊತ್ತು. ನಾಮಕರಣದ ದಿನ ನೋಡಿದವರು ಅದರ ಮೇಲಿನ ರಾಮಾಯಣ, ಕೃಷ್ಣಲೀಲೆಯ ಚಿತ್ರಗಳನ್ನು ಮೆಚ್ಚುತ್ತಾರೆ. ಚಿತ್ರಗಾರರ ಮನೆಗೇ ಹೋದವರಿಗೆ ಮರದ ಕೆಲಸ, ಅರಗಿನ ಬಣ್ಣ, ಕೈಯ ದುಡಿಮೆ ಕಾಣುತ್ತದೆ. ಸಿನಿಮಾ ಸ್ಟುಡಿಯೋ ನೋಡುವುದರಲ್ಲೂ ಈ ಎರಡು ಬಗೆಗಳಿವೆ.

ನಮ್ಮ ಕಡೆಯಿಂದ ಪ್ರವಾಸ ಹೊರಟವರು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗುವುದುಂಟು. 1996ರಲ್ಲಿ ಆರಂಭವಾದ ಇದನ್ನು ಗಿನ್ನೆಸ್ ದಾಖಲೆ ಪುಸ್ತಕ ಜಗತ್ತಿನ ಅತಿ ದೊಡ್ಡ ಸ್ಟುಡಿಯೋ ಸಂಕೀರ್ಣವೆಂದು ಗುರುತಿಸಿದೆ. ಇಂಥಲ್ಲಿ ಸೆಟ್ಟಿನ ಮುಂದೆ ಫೋಟೋ ತೆಗೆಸಿಕೊಂಡು ಬಂದರೆ ಸಾಕೆ? ಹಿಂಬದಿಯನ್ನೂ ನೋಡಿ. ಕಲ್ಲಿನ ಕಂಬವೆಂದು ಕಂಡದ್ದು ಪ್ಲಾಸ್ಟರ್ ಆಗಿರಬಹುದು. ಕ್ಯಾಮೆರಾ ನೋಡದ ಕಡೆ ಗೋಡೆಯೇ ಇರಲಿಕ್ಕಿಲ್ಲ!

ಪ್ರವಾಸಿಗಳನ್ನು ಸ್ಟುಡಿಯೋದೊಳಗೆ ಬಿಡುವುದು ಹೊಸ ಪದ್ಧತಿಯಲ್ಲ. ಅಮೆರಿಕದ ಯೂನಿವರ್ಸಲ್ ಸ್ಟುಡಿಯೋ 1915ರಲ್ಲೇ 25 ಸೆಂಟ್ ಪಡೆದು ಚಿತ್ರೀಕರಣ ತೋರಿಸುತ್ತಿತ್ತು. ಅದು ಮೂಕಿ ಚಿತ್ರಗಳ ಕಾಲ. ಜನ ಚಪ್ಪಾಳೆ ತಟ್ಟಿದರೂ ಅಡ್ಡಿಯಿರಲಿಲ್ಲ. ಚಿತ್ರಕ್ಕೆ ಮಾತು ಬಂದ ಮೇಲೆ ಆ ಸದ್ದೇ ತೊಡಕಾಗಿ ಪ್ರವೇಶ ನಿಂತಿತು. ಮತ್ತೆ ಪ್ರವಾಸ ಶುರುವಾದದ್ದು 1964ರಲ್ಲಿ.

ಇನ್ನು ಬೆಳಕಿನ ಮಾತು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಅದು ಸ್ಟುಡಿಯೋ ಬದುಕಿನದೇ ಕಥೆ. ಒಂದು ಹಾಡಿಗಾಗಿ ಅವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಕತ್ತಲ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಬೆಳಕಿನ ಕೋಲೊಂದು ನೆಟ್ಟಗೆ ಇಳಿಯಿತು. ನಿಮ್ಮ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ಗಮನಿಸಿದ್ದೀರಾ? ಗಾಳಿಯಲ್ಲಿರುವ ಧೂಳಿನ ಕಣಗಳು ಬೆಳಕನ್ನು ಚದುರಿಸುವುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಸೆಟ್ಟಿನಲ್ಲಿ ತೆಳುವಾಗಿ ಹೊಗೆ ಹಾಯಿಸುವುದೂ ಇದೇ ಕಾರಣಕ್ಕೆ. ಭೌತಶಾಸ್ತ್ರದ ಪುಸ್ತಕದಲ್ಲಿ ನೀವು ಓದುವ ಪ್ರತಿಫಲನ, ಚದುರುವಿಕೆಗಳು ಇಲ್ಲಿ ಕಲೆಯ ಸಾಧನಗಳಾಗುತ್ತವೆ. ಇದೇ ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು.

ಆದರೆ ಬೆಳಕಿನ ಜೊತೆಗೆ ಶಾಖವೂ ಇದೆ. ಹಳೆಯ ಟಂಗ್ಸ್ಟನ್ ದೀಪಗಳು ಸೇದುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಸೆಟ್ಟಿನ ಮರ, ಬಟ್ಟೆ, ಗೋಣಿತಟ್ಟುಗಳೋ ಬೇಗ ಹೊತ್ತಿಕೊಳ್ಳುವಂಥವು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮರುವರ್ಷ ಮನೆಮನೆಯಲ್ಲಿ ಆ ಧಾರಾವಾಹಿ ನೋಡಿದ ನಾವು ಇದನ್ನು ಮರೆಯಬಾರದು. ತೆರೆಯ ಮೇಲಿನ ಬೆಂಕಿ ಮಾಯೆಯಾಗಿರಬಹುದು. ಸೆಟ್ಟಿನೊಳಗಿನ ಬೆಂಕಿ ಮಾಯೆಯಲ್ಲ.

ಆದ್ದರಿಂದ ಸ್ಟುಡಿಯೋಕ್ಕೆ ಹೋದಾಗ ನಾಯಕ ನಿಂತ ಜಾಗವನ್ನು ಕೇಳುವುದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಬೆಳಕು ಎಲ್ಲಿಂದ ಬರುತ್ತದೆ? ಈ ಗೋಡೆಯನ್ನು ಯಾರು ಕಟ್ಟಿದರು? ಬೆಂಕಿ ಬಿದ್ದರೆ ಹೊರಹೋಗುವ ಬಾಗಿಲು ಎಲ್ಲಿದೆ? ಉತ್ತರ ಹುಡುಕುತ್ತ ಹೋದಂತೆ ಬಡಗಿ, ಎಲೆಕ್ಟ್ರಿಷಿಯನ್, ಧ್ವನಿಗ್ರಾಹಕ, ಸಂಕಲನಕಾರ ಇವರೆಲ್ಲ ಪರಿಚಯವಾಗುತ್ತಾರೆ. ನಿಮ್ಮಲ್ಲಿ ಕೆಲವರಿಗೆ ಮುಂದಿನ ಉದ್ಯೋಗವೂ ಅಲ್ಲೇ ಕಾದಿರಬಹುದು. ಇವರ ಹೆಸರುಗಳು ಚಿತ್ರದ ಕೊನೆಯಲ್ಲಿ ಬರುತ್ತವೆ. ಅಷ್ಟರಲ್ಲಿ ನಾವು ಎದ್ದು ಬಾಗಿಲ ಕಡೆ ನಡೆದಿರುತ್ತೇವೆ. ಮುಂದಿನ ಸಲ ಎರಡು ನಿಮಿಷ ಕೂತು ಓದಿ.