ಬಿಚ್ಚಿ ಮತ್ತೆ ಕಟ್ಟುವ ವಿದ್ಯೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರು ಹೊಳೆಯ ದಂಡೆಯಲ್ಲಿ ಕುಳಿತು ಗಾಳ ಹಾಕಿದವರು. ಎರೆಹುಳು ಸಿಕ್ಕಿಸುವುದು ನಮ್ಮ ರೂಢಿ. ಅದರ ಬದಲು ಕೊಕ್ಕೆಗೇ ದಾರ, ಗರಿ ಸುತ್ತಿ ಮೀನನ್ನು ಸೆಳೆಯುವ ಒಂದು ಕಲೆಯಿದೆ. ಹಾಗೆ ಕಟ್ಟಿದ್ದಕ್ಕೆ ‘ಫ್ಲೈ’ ಎನ್ನುತ್ತಾರೆ. ಉದ್ಯೋಗದ ನಿಮಿತ್ತ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದಾಗ ಒಂದು ಚಳಿಗಾಲದಲ್ಲಿ ನಾನು ಇದನ್ನು ಕಲಿಯಲು ಕುಳಿತೆ.

ನಾನು ಕಲಿತದ್ದು ‘ಸ್ಪೇ’ ಶೈಲಿ. ಸ್ಕಾಟ್ಲೆಂಡಿನ ಸ್ಪೇ ನದಿಯಲ್ಲಿ ಸಾಲ್ಮನ್ ಮೀನಿಗಾಗಿ 19ನೇ ಶತಮಾನದಲ್ಲಿ ಬೆಳೆದದ್ದು. ಅದನ್ನು ಅಮೆರಿಕದ ಪಶ್ಚಿಮ ಕರಾವಳಿಯ ಸ್ಟೀಲ್‌ಹೆಡ್ ಮೀನಿಗೆ, ಅಂದರೆ ಸಮುದ್ರಕ್ಕೆ ಹೋಗಿ ಮೊಟ್ಟೆಯಿಡಲು ನದಿಗೆ ಮರಳುವ ರೇನ್‌ಬೋ ಟ್ರೌಟ್‌ಗೆ, ಹೊಂದಿಸಿದವರಲ್ಲಿ ಮುಖ್ಯರು ಫೋರ್ಕ್ಸ್ ಎಂಬ ಸಣ್ಣ ಊರಿನ ಸಿಡ್ ಗ್ಲಾಸೊ. ಅವರು ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದರು ಎಂಬುದನ್ನು ಗಮನಿಸಿ.

ಕೆಲಸ ನೋಡಲು ಸುಲಭ. ಕೊಕ್ಕೆಯನ್ನು ವೈಸಿಗೆ ಕಚ್ಚಿಸಬೇಕು. ದಾರ ಸುತ್ತಿ ತೆಳುವಾದ ಮೈ ಕಟ್ಟಬೇಕು. ಅದರ ಮೇಲೆ ಜರಿಯ ಎಳೆ, ಬಳಿಕ ಉದ್ದನೆಯ ಮೃದುವಾದ ಗರಿ. ಹಿಂದೆ ಇದಕ್ಕೆ ಬಕಜಾತಿಯ ಹೆರಾನ್ ಹಕ್ಕಿಯ ಗರಿ ಬಳಸುತ್ತಿದ್ದರು. ಆ ಹಕ್ಕಿಗೆ ಕಾನೂನಿನ ರಕ್ಷಣೆ ಇರುವುದರಿಂದ ಈಗ ಫೆಸಂಟ್ ಗರಿ ಬಳಸುತ್ತಾರೆ. ಹಕ್ಕಿಯೂ ಉಳಿಯಿತು, ಕಲೆಯೂ ಉಳಿಯಿತು. ಕೊನೆಗೆ ಮಲ್ಲಾರ್ಡ್ ಬಾತುಕೋಳಿಯ ಕಂದು ಗರಿಯ ಎರಡು ಸೀಳುಗಳನ್ನು ಮಗುಚಿದ ದೋಣಿಯಂತೆ ಮೈಗೆ ತಗ್ಗಿಸಿ ಕೂರಿಸಬೇಕು. ಇದೇ ರೆಕ್ಕೆ. ಇದೇ ಕಷ್ಟ.

ನನ್ನ ರೆಕ್ಕೆ ಐದು ಬಾರಿ ಸೀಳಿತು. ಗರಿ ಸರಿಯಿಲ್ಲ ಎಂದೆ. ಕಲಿಸುತ್ತಿದ್ದ ಹಿರಿಯರು ಏನೂ ಹೇಳದೆ ಬ್ಲೇಡು ಕೊಟ್ಟು, “ಪೂರ್ತಿ ಬಿಚ್ಚಿ” ಎಂದರು. ಬಿಚ್ಚಿದಾಗ ಕಂಡಿತು: ಅರ್ಧ ಗಂಟೆ ಹಿಂದೆ ನಾನು ಹೆಚ್ಚಾಗಿ ಸುತ್ತಿದ್ದ ನಾಲ್ಕು ಸುತ್ತು ದಾರ ಅಲ್ಲೊಂದು ಗಂಟು ಮಾಡಿತ್ತು. ಅದರ ಮೇಲೆ ಯಾವ ಗರಿಯೂ ಕೂರುತ್ತಿರಲಿಲ್ಲ. ತಪ್ಪು ಕಂಡದ್ದು ಮೇಲೆ, ಇದ್ದದ್ದು ಕೆಳಗೆ.

ಆ ರಾತ್ರಿ ನನಗೆ ನನ್ನ ಪಿ.ಯು.ಸಿ. ದಿನಗಳು ನೆನಪಾದವು. ಗಣಿತದಲ್ಲಿ ನಾನು ನಪಾಸಾಗಿದ್ದೆ. ಪ್ರಶ್ನೆಪತ್ರಿಕೆ ಕಠಿಣ ಎಂದು ಮನೆಯಲ್ಲಿ ಹೇಳಿದ್ದೆ. ನಿಜ ಏನೆಂದರೆ ಆರನೇ ತರಗತಿಯ ಭಿನ್ನರಾಶಿಯೇ ನನಗೆ ಬರುತ್ತಿರಲಿಲ್ಲ. ನಾಚಿಕೆಯಿಂದ ಯಾರನ್ನೂ ಕೇಳಲಿಲ್ಲ. ಒಂದು ವರ್ಷ ಹೋಯಿತು. ತಂಗಿಯ ಪುಸ್ತಕ ತೆಗೆದು ಮೊದಲಿನಿಂದ ಕಲಿತ ಮೇಲೆಯೇ ಪಾಸಾದೆ.

ಆದ್ದರಿಂದ ವಿದ್ಯಾರ್ಥಿಗಳೇ, ಅಂಕ ಕಡಿಮೆ ಬಂದಾಗ ‘ನನ್ನಿಂದಾಗದು’ ಎಂದು ಶಾಲೆ ಬಿಡಬೇಡಿ. ಗಂಟು ಎಲ್ಲಿದೆ ಎಂದು ಹುಡುಕಿ. ಹಿಂದಿನ ತರಗತಿಯ ಪುಸ್ತಕ ತೆರೆಯಲು ನಾಚಬೇಡಿ. ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ನಪಾಸಾದ ಮಗುವನ್ನು ಬೈಯುವ ಮೊದಲು, ಅದರ ಪಕ್ಕದಲ್ಲಿ ಕುಳಿತು ಬಿಚ್ಚಲು ನೆರವಾಗಿ.

ಅಂದು ನಾನು ಆರನೆಯ ಬಾರಿ ಕಟ್ಟಿದ ರೆಕ್ಕೆ ಸೀಳಲಿಲ್ಲ.