ಇಲ್ಲದ ಪುಸ್ತಕಗಳ ಪಟ್ಟಿ

(ಕುರಕುಂಭದ ಕನ್ನಡ ಕುಟುಂಬಗಳ ಕೂಟದಲ್ಲಿ, ಪುಸ್ತಕ ಭಂಡಾರವನ್ನು ಗಣಕಯಂತ್ರಕ್ಕೆ ಅಳವಡಿಸುವ ಯೋಜನೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಪುಸ್ತಕ ಭಂಡಾರದ ವಿವರಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಬೇಕೆಂದು ತಾವು ನಿರ್ಧರಿಸಿದ್ದೀರಿ. ಆ ಕಾರ್ಯ ಆರಂಭವಾಗುವ ಮುನ್ನ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಗ್ರಂಥಗಳ ಹಿರಿಮೆಯನ್ನೂ ಕನ್ನಡದ ಹಿರಿಮೆಯನ್ನೂ ಕುರಿತು ನನಗಿಂತ ಸೊಗಸಾಗಿ ಮಾತನಾಡಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಾನು ಆಯ್ದುಕೊಂಡ ವಿಷಯ ಚಿಕ್ಕದು, ಕೇಳುವುದಕ್ಕೆ ಸ್ವಲ್ಪ ವಿಚಿತ್ರವೂ ಹೌದು. ಇರುವ ಪುಸ್ತಕಗಳ ವಿವರ ತುಂಬುವ ಮೊದಲು ಇಲ್ಲದ ಪುಸ್ತಕಗಳ ವಿವರವನ್ನು ತುಂಬಿ ನೋಡಬೇಕು ಎಂಬುದೇ ಆ ವಿಷಯ.

ಇದನ್ನು ಕುರಕುಂಭದವರಿಗೆ ವಿವರಿಸಿ ಹೇಳುವ ಅಗತ್ಯವಿಲ್ಲವೆಂದು ನನ್ನ ಭಾವನೆ. ಇಲ್ಲಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿಯುವವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊಸ ಪಾತ್ರೆಯನ್ನೋ ಕೊಳವೆಯನ್ನೋ ಜೋಡಿಸಿದೊಡನೆ ಯಾರೂ ಆಮ್ಲವನ್ನು ಸುರಿಯುವುದಿಲ್ಲ. ಮೊದಲು ನೀರು ತುಂಬಿಸಿ ಒತ್ತಡ ಕೊಟ್ಟು ನೋಡುತ್ತೀರಿ. ಎಲ್ಲಿ ಸೋರುತ್ತದೆ, ಯಾವ ಕವಾಟ ಹಿಡಿಯುವುದಿಲ್ಲ ಎಂಬುದು ನೀರಿನಿಂದಲೇ ತಿಳಿದುಬಿಡುತ್ತದೆ. ಅನಂತರ ಆ ನೀರನ್ನು ಪೂರ್ತಿಯಾಗಿ ಬಸಿದು ಒಣಗಿಸುತ್ತೀರಿ. ಏಕೆಂದರೆ ಕೆಲವು ರಾಸಾಯನಿಕಗಳ ಜೊತೆಗೆ ಉಳಿದ ನೀರೇ ಅಪಾಯಕ್ಕೆ ಕಾರಣವಾದೀತು. ಗ್ರಂಥಾಲಯದ ತಂತ್ರಾಂಶಕ್ಕೆ ಮಾದರಿ ದಾಖಲೆಗಳೆಂದರೆ ಈ ಪರೀಕ್ಷೆಯ ನೀರು. ತುಂಬಿಸುವುದಕ್ಕೆ ಒಂದು ಶಾಸ್ತ್ರವಿದೆ, ಬಸಿಯುವುದಕ್ಕೂ ಒಂದು ಶಾಸ್ತ್ರವಿದೆ.

ಪುಸ್ತಕದ ಹೆಸರು, ಕರ್ತೃ, ಪ್ರಕಾಶಕ, ವರ್ಷ, ವಿಷಯ ಇವನ್ನು ಹಿಂದೆ ಚೀಟಿಯ ಮೇಲೆ ಬರೆದು ಮರದ ಸೆಳೆಖಾನೆಗಳಲ್ಲಿ ಜೋಡಿಸಿಡುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಎವ್ರಂ ಎಂಬ ಮಹಿಳೆ ಆ ಚೀಟಿಯನ್ನು ಯಂತ್ರವು ಓದಬಲ್ಲ ರೂಪಕ್ಕೆ ತಂದರು. ಅದೇ ಮಾರ್ಕ್ ಪದ್ಧತಿ. ಅದರಲ್ಲಿ ಕರ್ತೃವಿಗೆ 100, ಶೀರ್ಷಿಕೆಗೆ 245, ವಿಷಯಕ್ಕೆ 650 ಎಂದು ಮನೆಗಳಿಗೆ ಸಂಖ್ಯೆಯಿಟ್ಟಂತೆ ಒಂದೊಂದು ಅಂಶಕ್ಕೂ ಒಂದೊಂದು ಸಂಖ್ಯೆಯುಂಟು. ಇಂದು ಭಾರತದಲ್ಲಿಯೂ ಬಹಳ ಗ್ರಂಥಾಲಯಗಳು ಬಳಸುತ್ತಿರುವ ‘ಕೋಹಾ’ ಎಂಬ ತಂತ್ರಾಂಶ ಈ ಪದ್ಧತಿಯನ್ನು ಅನುಸರಿಸುತ್ತದೆ. ಅದು ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಗ್ರಂಥಾಲಯಗಳಿಗಾಗಿ. ಅಲ್ಲಿನ ಹಳೆಯ ವ್ಯವಸ್ಥೆ 2000ನೆಯ ಇಸವಿಯನ್ನು ದಾಟಲಾರದೆಂದು ತಿಳಿದಾಗ 1999ರಲ್ಲಿ ಹೊಸದನ್ನು ಬರೆಸಿದರು. 2000ದ ಜನವರಿಯಲ್ಲಿ ಅದು ಬಳಕೆಗೆ ಬಂತು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಹೆಸರಿಗೆ ತಕ್ಕಂತೆ ಅದನ್ನು ಲೋಕಕ್ಕೆಲ್ಲ ಮುಕ್ತವಾಗಿ ಕೊಟ್ಟರು. ಆ ಕಾಣಿಕೆ ನಮ್ಮಂಥ ಸಣ್ಣ ಸಂಘಗಳಿಗೂ ಸಲ್ಲುತ್ತದೆ. ಆದರೆ ಕಾಣಿಕೆಯಾಗಿ ಬಂದ ಗಡಿಗೆಯನ್ನೂ ಬಡಿದು ನೋಡಿಯೇ ನೀರು ತುಂಬಬೇಕಷ್ಟೆ.

ಇಲ್ಲದ ವಸ್ತುವನ್ನು ಕಲ್ಪಿಸಿಕೊಂಡು ಇರುವ ನಿಯಮವನ್ನು ಪರೀಕ್ಷಿಸುವುದು ನಮ್ಮ ಪರಂಪರೆಗೆ ಹೊಸದಲ್ಲ. ನಮ್ಮ ಶಾಸ್ತ್ರಕಾರರ ದೇವದತ್ತ ಯಾವ ಊರಿನವನೂ ಅಲ್ಲ. ಶತಮಾನಗಳಿಂದ ಉದಾಹರಣೆಯ ಸಲುವಾಗಿಯೇ ಬದುಕಿದ್ದಾನೆ. ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತ ರಾತ್ರಿ ಉಣ್ಣುತ್ತಿರಬೇಕೆಂದು ಊಹಿಸುವ ಮೂಲಕ ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣವನ್ನು ಸ್ಥಾಪಿಸಿದರು. ಮೊಲದ ಕೊಂಬು, ಆಕಾಶದ ಹೂವು ಮುಂತಾದವು ಇಂಥವೇ ಸೃಷ್ಟಿಗಳು. ಲಕ್ಷಣವೊಂದಕ್ಕೆ ಬರಬಹುದಾದ ದೋಷಗಳನ್ನೂ ನಮ್ಮ ತಾರ್ಕಿಕರು ಹೆಸರಿಸಿದ್ದಾರೆ. ಸೇರಬೇಕಾದದ್ದನ್ನು ಹೊರಗೆ ಬಿಟ್ಟರೆ ಅವ್ಯಾಪ್ತಿ. ಸೇರಬಾರದ್ದನ್ನು ಒಳಗೆ ಬಿಟ್ಟರೆ ಅತಿವ್ಯಾಪ್ತಿ. ತಂತ್ರಾಂಶದ ಪರೀಕ್ಷಕನಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಗಲಾರದು. ಸರಿಯಾದ ಕನ್ನಡ ಪುಸ್ತಕವನ್ನು ಯಂತ್ರ ನಿರಾಕರಿಸುತ್ತದೆಯೆ? ತಪ್ಪು ದಾಖಲೆಯನ್ನು ಸುಮ್ಮನೆ ಒಪ್ಪಿಕೊಳ್ಳುತ್ತದೆಯೆ? ಮಾದರಿಗಳನ್ನು ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಸೃಷ್ಟಿಸಬೇಕು.

ಎರಡನೆಯ ಪ್ರಶ್ನೆಗೆ ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕದ ಹಿಂಬದಿಯಲ್ಲಿರುವ ಐ.ಎಸ್.ಬಿ.ಎನ್. ಸಂಖ್ಯೆ 2007ರಿಂದ ಹದಿಮೂರು ಅಂಕೆಗಳದ್ದಾಗಿದೆ. ಕೊನೆಯ ಅಂಕೆ ಉಳಿದ ಹನ್ನೆರಡರ ಕಾವಲುಗಾರ. ಆ ಹನ್ನೆರಡು ಅಂಕೆಗಳು 978810000000 ಎಂದಿರಲಿ. ಒಂದು ಬಿಟ್ಟು ಒಂದನ್ನು 1ರಿಂದಲೂ 3ರಿಂದಲೂ ಗುಣಿಸಿ ಕೂಡಿದರೆ 63 ಬರುತ್ತದೆ. ಹತ್ತರ ಮುಂದಿನ ಗುಣಕ 70. ಆದ್ದರಿಂದ ಕೊನೆಯ ಅಂಕೆ 7 ಆಗಿರಲೇಬೇಕು. ಮಾದರಿಯಲ್ಲಿ 7ರ ಬದಲು 8 ಬರೆಯಿರಿ. ತಂತ್ರಾಂಶ ಎಚ್ಚರಿಕೆ ಕೊಡದೆ ಅದನ್ನು ಒಪ್ಪಿಕೊಂಡರೆ ಆ ಬಾಗಿಲಿಗೆ ಕಾವಲಿಲ್ಲವೆಂದೇ ಅರ್ಥ.

ಆದರೆ ನಮ್ಮನ್ನು ಹೆಚ್ಚಾಗಿ ಕಾಡುವುದು ಮೊದಲನೆಯ ದೋಷ. ಇಂಗ್ಲಿಷಿನ ಮಾದರಿಗಳಿಂದ ಮಾತ್ರ ಪರೀಕ್ಷಿಸಿದ ತಂತ್ರಾಂಶ ಕನ್ನಡದ ಪುಸ್ತಕ ಬಂದಾಗ ಮುಗ್ಗರಿಸುತ್ತದೆ.

ಹೆಸರನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದ ಅರ್ಜಿಗಳಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಅಂಕಣಗಳನ್ನು ತುಂಬುವಾಗ ಹಳೆ ಮೈಸೂರಿನವರು ಪಡುವ ಪಾಡು ನಿಮಗೆಲ್ಲ ಗೊತ್ತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ಸ್ವಂತ ಹೆಸರು. ಅಡ್ಡಹೆಸರಿಲ್ಲದೆ ಮುಂದುವರಿಯಲು ಬಿಡದ ತಂತ್ರಾಂಶ ಪುಟ್ಟಪ್ಪ ಎಂಬುದನ್ನೇ ಮನೆತನವೆಂದು ತಿಳಿಯುತ್ತದೆ. ಅಲ್ಲಮಪ್ರಭುವನ್ನಂತೂ ಬಾಗಿಲಲ್ಲೇ ತಡೆಯುತ್ತದೆ.

ಕಾವ್ಯನಾಮದ ತೊಡಕು ಇದಕ್ಕಿಂತ ದೊಡ್ಡದು. 1944ರಿಂದ 1956ರವರೆಗೆ ನಮ್ಮ ಪಕ್ಕದ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು, ದ.ರಾ. ಬೇಂದ್ರೆ ಮತ್ತು ಅಂಬಿಕಾತನಯದತ್ತ ಮೂವರೂ ಒಬ್ಬರೇ. ಅವರು ಮರಾಠಿಯಲ್ಲಿಯೂ ಬರೆದವರಾದ್ದರಿಂದ ನಾಗರಿ ಲಿಪಿಯ ಬೇಂದ್ರೆಯವರೂ ಅವರೇ. ಶ್ರೀನಿವಾಸ ಎಂದರೆ ಮಾಸ್ತಿ, ವಿನಾಯಕ ಎಂದರೆ ಗೋಕಾಕರು, ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಓದುಗ ಯಾವ ಹೆಸರಿನಿಂದ ಹುಡುಕಿದರೂ ಒಂದೇ ಕಪಾಟಿಗೆ ಬಂದು ನಿಲ್ಲಬೇಕು. ಇದನ್ನು ಪರೀಕ್ಷಿಸಲು ಎರಡು ಕಾವ್ಯನಾಮಗಳುಳ್ಳ, ಎರಡು ಲಿಪಿಗಳಲ್ಲಿ ಬರೆದ ಒಬ್ಬ ಕಲ್ಪಿತ ಲೇಖಕ ನಮಗೆ ಬೇಕು. ಅವನನ್ನು ‘ಮಾದರಿಪುರದ ದೇವದತ್ತ’ ಎಂದು ಕರೆಯೋಣ.

ಇನ್ನು ಅಕ್ಷರಗಳ ವಿಚಾರ. ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಕೆಲಸದಲ್ಲಿ ಇದೇ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪಾತ್ರ ದೊಡ್ಡದು. ಅದರ ಸ್ಥಾಪನೆ 1988ರಲ್ಲಿ. ಇಂದು ಎಲ್ಲರೂ ಯೂನಿಕೋಡನ್ನು ಒಪ್ಪಿಕೊಂಡಿದ್ದಾರೆ. ಹಾಗಿದ್ದರೂ ಕಣ್ಣಿಗೆ ಒಂದಾಗಿ ಕಾಣುವುದು ಯಂತ್ರಕ್ಕೆ ಎರಡಾಗಿ ಕಾಣುವ ಪ್ರಸಂಗಗಳಿವೆ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಬೆರಳಚ್ಚುಗಾರರಿದ್ದಾರೆ. ‘ಕಂದ’ ಎಂದು ಬರೆದದ್ದಕ್ಕೂ ‘ಕ೦ದ’ ಎಂದು ಬರೆದದ್ದಕ್ಕೂ ಓದುಗನಿಗೆ ವ್ಯತ್ಯಾಸ ಕಾಣದು, ಯಂತ್ರಕ್ಕೆ ಅವು ಬೇರೆ ಬೇರೆ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಕೂಡಿಸಿ ಎರಡು ಸಂಕೇತಗಳಾಗಿಯೂ ಇಡಬಹುದು. ಇವೆರಡನ್ನೂ ಸಮಾನವೆಂದು ಭಾವಿಸಬೇಕೆಂಬುದು ಯೂನಿಕೋಡಿನ ನಿಯಮ. ತಂತ್ರಾಂಶ ಅದನ್ನು ಪಾಲಿಸುತ್ತದೆಯೆ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು.

ಅಕಾರಾದಿಯೂ ಹಾಗೆಯೇ. ನಮ್ಮ ಮಕ್ಕಳು ವರ್ಣಮಾಲೆಯನ್ನು ‘ಶ ಷ ಸ ಹ ಳ’ ಎಂದು ಮುಗಿಸುತ್ತಾರೆ. ಯೂನಿಕೋಡಿನ ಕೋಷ್ಟಕದಲ್ಲಿ ಳಕಾರ ಲಕಾರದ ಬೆನ್ನಿಗೇ ಕುಳಿತಿದೆ. ಆದ್ದರಿಂದ ಕೋಷ್ಟಕದ ಕ್ರಮವನ್ನೇ ನಂಬಿದ ಪಟ್ಟಿಯಲ್ಲಿ ‘ಹಳೆಯ’ ಎಂಬುದು ಮೊದಲು, ‘ಹಸಿರು’ ಎಂಬುದು ಆಮೇಲೆ ಬರುತ್ತದೆ. ಕನ್ನಡದ ಕ್ರಮದಲ್ಲಿ ಹಸಿರು ಮೊದಲು.

ವರ್ಷದ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಹಳೆಯ ಪುಸ್ತಕದ ಮುಖಪುಟದಲ್ಲಿ ‘ಪ್ರಮೋದೂತ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1930 ಆಗಿರಬಹುದು, 1990 ಆಗಿರಬಹುದು. ನಾಲ್ಕು ಅಂಕೆಗಳಲ್ಲದೆ ಬೇರೇನನ್ನೂ ಒಪ್ಪದ ಅಂಕಣ ಇದನ್ನು ಹೇಗೆ ಸ್ವೀಕರಿಸುತ್ತದೆಂದು ನೋಡಬೇಕು.

ಇಷ್ಟೆಲ್ಲ ತಾಪತ್ರಯವೇಕೆ, ರೋಮನ್ ಲಿಪಿಯಲ್ಲೇ ತುಂಬಿಬಿಡೋಣ ಎಂದು ಕೆಲವರು ಹೇಳುತ್ತಾರೆ. ಸೌಕರ್ಯದ ದೃಷ್ಟಿಯಿಂದ ಆ ಮಾತು ಆಕರ್ಷಕ. ಆದರೆ ರೋಮನ್ ಲಿಪಿಯ ಬಳಕೆಯಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ಕಾಣಸಿಗುವ ಸ್ಥಳಗಳು ಎಷ್ಟಿವೆ? ಶಾಲೆಯಲ್ಲಿಲ್ಲ, ಅಂಗಡಿಯ ಫಲಕದಲ್ಲಿಲ್ಲ, ದೌಂಡಿನ ರೈಲು ನಿಲ್ದಾಣದಲ್ಲಿಲ್ಲ. ನಮ್ಮದೇ ಭಂಡಾರದ ಪಟ್ಟಿಯಲ್ಲಿಯೂ ಅದು ಇಲ್ಲವಾದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ. ಓದುಗನ ಸಮಯವನ್ನು ಉಳಿಸಬೇಕೆಂದು ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್.ಆರ್. ರಂಗನಾಥನ್ 1931ರಲ್ಲಿಯೇ ಸೂತ್ರ ಮಾಡಿದರು. ಕಾಣದ ಪುಸ್ತಕ ಓದುಗನ ಸಮಯವನ್ನಷ್ಟೇ ಅಲ್ಲ, ಅವನ ಆಸೆಯನ್ನೂ ತಿಂದುಹಾಕುತ್ತದೆ. ತಂತ್ರಾಂಶ ತಯಾರಿಸುವವರಿಗೆ ಕನ್ನಡದ ಮೇಲೆ ದ್ವೇಷವಿದೆಯೆಂದು ನಾನು ನಂಬುವುದಿಲ್ಲ. ಕನ್ನಡದ ಕಷ್ಟಗಳನ್ನು ತೋರಿಸುವ ಮಾದರಿಗಳನ್ನು ಅವರ ಮುಂದಿಡಬೇಕಾದವರು ನಾವು. ಯಾರೂ ಇಡದಿದ್ದರೆ ಅವರು ತಿಳಿಯುವುದಾದರೂ ಹೇಗೆ?

ಇನ್ನು ಎರಡು ಎಚ್ಚರಿಕೆಗಳು.

ಮೊದಲನೆಯದು: ಮಾದರಿಗಾಗಿ ಸದಸ್ಯರ ನಿಜವಾದ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬಳಸಬಾರದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಸಮಯ ಉಳಿಸುವ ನೆಪದಲ್ಲಿ ನಿಜವಾದ ನೌಕರರ ಪಟ್ಟಿಯನ್ನೇ ಪರೀಕ್ಷೆಗೆ ಕೊಟ್ಟರು. ಆ ಪಟ್ಟಿ ಕೈಯಿಂದ ಕೈಗೆ ಹೋಗಿ ಸಂಬಂಧವೇ ಇಲ್ಲದವರ ಮೇಜಿನ ಮೇಲೆ ಬಿದ್ದಿತ್ತು. ಯಾರು ಯಾವ ಪುಸ್ತಕ ಓದಿದರೆಂಬುದು ಅವರವರ ಅಂತರಂಗದ ವಿಷಯ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 24 ಆಗಸ್ಟ್ 2017ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನೂ ಮಾಡಿದೆ. ಕನ್ನಡಿಗರೊಬ್ಬರ ಹೆಸರಿನಲ್ಲಿ ನಿಂತಿರುವ ಆ ತೀರ್ಪನ್ನು ಕನ್ನಡ ಸಂಘಗಳು ಮೊದಲು ಪಾಲಿಸಬೇಕು.

ಎರಡನೆಯದು: ಪರೀಕ್ಷೆ ಮುಗಿದ ಮೇಲೆ ನೀರನ್ನು ಬಸಿಯಬೇಕು. 1975ರ ನ್ಯೂ ಕೊಲಂಬಿಯಾ ವಿಶ್ವಕೋಶದಲ್ಲಿ ಲಿಲಿಯನ್ ವರ್ಜೀನಿಯಾ ಮೌಂಟ್‌ವೀಜಲ್ ಎಂಬ ಛಾಯಾಗ್ರಾಹಕಿಯ ಜೀವನಚರಿತ್ರೆ ಅಚ್ಚಾಗಿದೆ. ಹಾಗೊಬ್ಬಳು ಹುಟ್ಟಿರಲೇ ಇಲ್ಲ; ಸಂಪಾದಕರು ಬೇಕೆಂದೇ ಸೇರಿಸಿದ ಕಲ್ಪಿತ ನಮೂದು ಅದು. ಇಂಥದ್ದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಕಲಾದರೆ ಹುಸಿ ಪುಸ್ತಕಕ್ಕೆ ಆಯುಷ್ಯ ಬಂದುಬಿಡುತ್ತದೆ. ಆದುದರಿಂದ ಪ್ರತಿಯೊಂದು ಮಾದರಿಯ ಶೀರ್ಷಿಕೆಯೂ ‘ಮಾದರಿ’ ಎಂಬ ಪದದಿಂದಲೇ ಆರಂಭವಾಗಲಿ. ನಿಜವಾದ ಪುಸ್ತಕಗಳ ಕಡತಕ್ಕೂ ಇವುಗಳ ಕಡತಕ್ಕೂ ಸಂಪರ್ಕವಿರದಿರಲಿ. ಅಳಿಸಿದ ಮೇಲೆ ಮತ್ತೊಮ್ಮೆ ಹುಡುಕಿ, ಒಂದೂ ಉಳಿದಿಲ್ಲವೆಂದು ಇಬ್ಬರು ಸಹಿ ಮಾಡಲಿ.

ನನ್ನ ಸಲಹೆ ಇಷ್ಟೆ. ನೂರು ಮಾದರಿ ದಾಖಲೆಗಳನ್ನು ನಾವೇ ಸಿದ್ಧಪಡಿಸೋಣ. ಹೆಸರುಗಳ ವೈವಿಧ್ಯವನ್ನು ಹಿರಿಯರು ಹೇಳಲಿ: ಧಾರವಾಡದ ಮನೆತನದ ಹೆಸರು, ಕರಾವಳಿಯ ಹೆಸರು, ಮೈಸೂರಿನ ಮೊದಲಕ್ಷರಗಳು ಎಲ್ಲವೂ ಬರಲಿ. ಬೆರಳಚ್ಚಿನ ಕೆಲಸವನ್ನು ಮಕ್ಕಳು ಮಾಡಲಿ. ಆ ನೆಪದಲ್ಲಿ ಅನುಸ್ವಾರಕ್ಕೂ ಸೊನ್ನೆಗೂ ಇರುವ ವ್ಯತ್ಯಾಸವನ್ನು ಅವರು ಕಲಿಯುತ್ತಾರೆ. ಒಂದೊಂದು ದಾಖಲೆಯ ಪಕ್ಕದಲ್ಲಿಯೂ ಅದು ಯಾವ ದೋಷವನ್ನು ಹಿಡಿಯಲು ಹುಟ್ಟಿದೆಯೆಂದು ಬರೆದಿಡೋಣ. ಕೆಲಸ ಮುಗಿದ ಮೇಲೆ ಆ ನೂರನ್ನು ಮುಂಬಯಿ, ಸೊಲ್ಲಾಪುರ, ಹೈದರಾಬಾದು, ದೆಹಲಿಗಳ ಕನ್ನಡ ಬಂಧುಗಳಿಗೆ ಉಚಿತವಾಗಿ ಕಳುಹಿಸಿಕೊಡೋಣ. ನ್ಯೂಜಿಲೆಂಡಿನವರು ಕಾಣಿಕೆ ಕೊಟ್ಟರು. ಪ್ರತಿಯಾಗಿ ನಮ್ಮಿಂದಲೂ ಒಂದು ಸಣ್ಣ ಕಾಣಿಕೆ ಸಂದರೆ ಒಳ್ಳೆಯದು.